ಹದಿನಾಲ್ಕು ಸಾವಿರ ಕಿಲೋಮೀಟರ್‌ಗೆ ಎಷ್ಟು ಗಂಟೆ?

2021ರ ಜನವರಿ 9, ಶನಿವಾರ. ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರದಲ್ಲಿ ರಾತ್ರಿ ಎಂಟೂವರೆಯ ಹೊತ್ತು. ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಬೆಂಗಳೂರಿನತ್ತ ಹೊರಟಿತು. ಎರಡು ನಗರಗಳ ನಡುವೆ ಎಲ್ಲಿಯೂ ಇಳಿಯದೆ ಸಾಗುವ ಮೊದಲ ಹಾರಾಟ ಅದು. ಕಾಕ್‌ಪಿಟ್‌ನಲ್ಲಿದ್ದವರು ನಾಲ್ವರೂ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲಿನ ದಾರಿ ಹಿಡಿದ ವಿಮಾನ ಕೆಂಪೇಗೌಡ ನಿಲ್ದಾಣದಲ್ಲಿ ಇಳಿದದ್ದು ಸೋಮವಾರ ನಸುಕಿನಲ್ಲಿ. ಆಕಾಶದಲ್ಲಿ ಕಳೆದದ್ದು ಸುಮಾರು ಹದಿನೇಳು ಗಂಟೆ. ಶನಿವಾರ ರಾತ್ರಿ ಹತ್ತಿದವರು ಸೋಮವಾರ ಇಳಿದರು. ಈ ದಾರಿ ಹಿಡಿದದ್ದರಿಂದ ಹತ್ತು ಟನ್ ಇಂಧನ ಉಳಿಯಿತೆಂದು ಜೋಯಾ ಇಳಿದ ಮೇಲೆ ಹೇಳಿದರು.

ಈ ಎರಡು ನಿಲ್ದಾಣಗಳ ನಡುವಿನ ಅಂತರ 13,993 ಕಿಲೋಮೀಟರ್ ಎಂದು ಆಗ ಪತ್ರಿಕೆಗಳಲ್ಲಿ ಬಂತು. ಅದು ಸರಿಯಾದ ಲೆಕ್ಕವೇ. ಆದರೆ ಅಷ್ಟೇ ಕಿಲೋಮೀಟರನ್ನು ಯಾವ ವಿಮಾನವೂ ಕರಾರುವಾಕ್ಕಾಗಿ ಹಾರುವುದಿಲ್ಲ. ಬೆಂಗಳೂರಿನಿಂದ ಹೋಗುವಾಗ ವೇಳಾಪಟ್ಟಿಯಲ್ಲಿದ್ದ ಅವಧಿ ಸುಮಾರು 16 ಗಂಟೆ; ಅಲ್ಲಿಂದ ಬರುವಾಗ 17 ಗಂಟೆಗೂ ಮೇಲೆ. ದೂರ ಒಂದೇ, ಹೊತ್ತು ಮಾತ್ರ ಬೇರೆ. ಅಂತರವನ್ನು ಭೂಮಿಯ ಆಕಾರ ನಿರ್ಧರಿಸಿಬಿಟ್ಟಿದೆ. ಪ್ರಯಾಣದ ಅವಧಿಯನ್ನು ಗಾಳಿ, ಪರ್ವತ, ಇಂಧನದ ತೂಕ ಮತ್ತು ದೇಶದೇಶಗಳ ನಡುವಿನ ಸಂಬಂಧ ಸೇರಿ ದಿನದಿನವೂ ಹೊಸದಾಗಿ ನಿರ್ಧರಿಸುತ್ತವೆ.

ಮೊದಲು ಅಂತರದ ವಿಷಯ. ಶಾಲೆಯ ಗೋಡೆಯ ಮೇಲಿನ ಭೂಪಟದಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ಪೆಸಿಫಿಕ್ ಸಾಗರವನ್ನು ಹಾಯ್ದು ಕ್ಯಾಲಿಫೋರ್ನಿಯಾ ಮುಟ್ಟುತ್ತದೆ. ನೋಡುವುದಕ್ಕೆ ಅದೇ ನೇರ ದಾರಿ. ಆದರೆ ಅದರ ಉದ್ದ 16 ಸಾವಿರ ಕಿಲೋಮೀಟರ್‌ಗೂ ಹೆಚ್ಚು. ಭೂಪಟದ ಬದಲು ಗ್ಲೋಬ್ ತೆಗೆದುಕೊಂಡು ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ದಾರ ಪೆಸಿಫಿಕ್‌ನ ಕಡೆ ಸುಳಿಯುವುದೇ ಇಲ್ಲ. ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೇ ಹೊರಟು, ಛತ್ತೀಸ್‌ಗಢ, ಉತ್ತರ ಪ್ರದೇಶದ ಪೂರ್ವ ಭಾಗ, ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟುತ್ತದೆ. 71 ಡಿಗ್ರಿ ಉತ್ತರ ಅಕ್ಷಾಂಶದವರೆಗೂ ಏರಿ, ಅಲ್ಲಿಂದ ಅಲಾಸ್ಕ ಮತ್ತು ಕೆನಡಾದ ಪಶ್ಚಿಮ ಕರಾವಳಿಯ ಮೇಲೆ ಇಳಿಯುತ್ತದೆ. ಆ ದಾರದ ಉದ್ದವೇ 13,993 ಕಿಲೋಮೀಟರ್.

ಗೋಳದ ಮೇಲಿನ ಈ ಅತಿ ಕಿರಿದಾದ ದಾರಿಗೆ ಗಣಿತದಲ್ಲಿ ಮಹಾವೃತ್ತ ಎನ್ನುತ್ತಾರೆ. ಗೋಳದ ಕೇಂದ್ರವನ್ನು ಹಾಯುವಂತೆ ಅದನ್ನು ಎರಡು ಸಮಭಾಗ ಮಾಡಿದಾಗ ಮೇಲ್ಮೈಯಲ್ಲಿ ಮೂಡುವ ವೃತ್ತ ಅದು. ಸಮಭಾಜಕ ವೃತ್ತ ಒಂದು ಮಹಾವೃತ್ತ, ರೇಖಾಂಶಗಳೂ ಅಂಥವೇ. ಗೋಡೆಯ ಭೂಪಟ ಇದನ್ನು ಮರೆಮಾಚುವುದಕ್ಕೆ ಕಾರಣವಿದೆ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ರೂಪಿಸಿದ ನಕ್ಷೆ ಹಡಗಿನವರಿಗೆಂದು ಮಾಡಿದ್ದು. ದಿಕ್ಸೂಚಿಯ ಮುಳ್ಳು ಒಂದೇ ಕೋನದಲ್ಲಿರುವಂತೆ ಸಾಗಿದರೆ ಆ ಹಾದಿ ನಕ್ಷೆಯಲ್ಲಿ ಸರಳರೇಖೆಯಾಗಿ ಕಾಣಬೇಕು ಎಂಬುದು ಅವನ ಉದ್ದೇಶ. ಅದಕ್ಕಾಗಿ ಧ್ರುವಗಳ ಕಡೆಗಿನ ನೆಲವನ್ನೆಲ್ಲ ಹಿಗ್ಗಿಸಬೇಕಾಯಿತು. ಹಾಗಾಗಿ ಆ ನಕ್ಷೆಯಲ್ಲಿ ಉತ್ತರಕ್ಕೆ ಬಾಗಿದ ವಿಮಾನಮಾರ್ಗ ಸುತ್ತುದಾರಿಯಂತೆ ಕಾಣುತ್ತದೆ. ಬೆಂಗಳೂರಿನಿಂದ ನೇರ ಉತ್ತರ ಧ್ರುವಕ್ಕೇ ಹೋಗಿ, ಧ್ರುವಬಿಂದುವಿನ ಮೇಲೆ ಹಾದು ಸ್ಯಾನ್ ಫ್ರಾನ್ಸಿಸ್ಕೊಗೆ ಇಳಿದರೂ ಹೆಚ್ಚಾಗುವುದು 400 ಕಿಲೋಮೀಟರ್‌ಗಿಂತ ಕಡಿಮೆ.

ಹಾಗಾದರೆ ವಿಮಾನಗಳು ದಾರ ಹಿಡಿದ ಹಾದಿಯಲ್ಲೇ ಏಕೆ ಹೋಗುವುದಿಲ್ಲ? ಮೊದಲ ಅಡ್ಡಿ ಭಾರತದ ಗಡಿಯಲ್ಲೇ ಇದೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ಸುಮಾರು 4,500 ಮೀಟರ್. ವಿಮಾನದ ಒಳಗಿನ ಗಾಳಿಯ ಒತ್ತಡ ಹಠಾತ್ತಾಗಿ ಕುಸಿದರೆ ಪೈಲಟ್‌ಗಳು ತಕ್ಷಣ ಹತ್ತು ಸಾವಿರ ಅಡಿಗೆ, ಅಂದರೆ ಸುಮಾರು 3,000 ಮೀಟರ್‌ಗೆ ಇಳಿಯಬೇಕು. ಅಲ್ಲಿ ಜನ ಸಹಜವಾಗಿ ಉಸಿರಾಡಬಹುದು. ತಲೆಯ ಮೇಲಿಂದ ಇಳಿಬೀಳುವ ಮುಖವಾಡದಲ್ಲಿರುವ ಆಮ್ಲಜನಕ ಆ ಕೆಲವು ನಿಮಿಷಗಳಿಗೆಂದು ಇಟ್ಟದ್ದು. ಟಿಬೆಟ್‌ನ ಮೇಲೆ ಹತ್ತು ಸಾವಿರ ಅಡಿಗೆ ಇಳಿಯುವುದಕ್ಕೆ ಜಾಗವೇ ಇಲ್ಲ, ನೆಲವೇ ಅದಕ್ಕಿಂತ ಮೇಲಿದೆ. ಆದ್ದರಿಂದ ಬಹುಪಾಲು ವಿಮಾನಗಳು ಆ ಪ್ರಸ್ಥಭೂಮಿಯನ್ನು ಬಳಸಿಕೊಂಡೇ ಹೋಗುತ್ತವೆ.

ಪರ್ವತ ಇದ್ದಲ್ಲೇ ಇರುತ್ತದೆ, ಲೆಕ್ಕ ಒಮ್ಮೆ ಹಾಕಿದರೆ ಸಾಕು. ಗಾಳಿಯದು ಹಾಗಲ್ಲ.

ನೆಲದಿಂದ ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ನದಿಗಳು ಹರಿಯುತ್ತವೆ. ಜೆಟ್ ಸ್ಟ್ರೀಮ್ ಎಂಬ ಹೆಸರಿನ ಈ ಪ್ರವಾಹಗಳ ವೇಗ ಗಂಟೆಗೆ 150 ಕಿಲೋಮೀಟರ್ ದಾಟುವುದು ಸಾಮಾನ್ಯ. ಚಳಿಗಾಲದಲ್ಲಿ ಕೆಲವೆಡೆ 300ನ್ನೂ ಮೀರುತ್ತದೆ. ಉಷ್ಣವಲಯದಲ್ಲಿ ಕಾದ ಗಾಳಿ ಮೇಲೇರಿ ಧ್ರುವಗಳ ಕಡೆ ಸಾಗುವಾಗ ಭೂಮಿಯ ತಿರುಗುವಿಕೆ ಅದನ್ನು ಪೂರ್ವಕ್ಕೆ ಬಾಗಿಸುತ್ತದೆ. ಬಿಸಿ ಮತ್ತು ತಂಪು ಗಾಳಿ ಸಂಧಿಸುವ ಪಟ್ಟಿಯಲ್ಲಿ ಅದರ ವೇಗ ಹೆಚ್ಚುತ್ತದೆ. ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಇಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಇದನ್ನು ಅಳೆದಿದ್ದರು. ಹೊರಜಗತ್ತಿಗೆ ತಿಳಿಯಲೆಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಆ ಭಾಷೆ ಓದಬಲ್ಲವರೇ ವಿರಳವಾಗಿದ್ದರಿಂದ ಅದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಿ-29 ಬಾಂಬರ್‌ಗಳು ಇದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು. ದಕ್ಷಿಣ ಭಾರತದ ಮೇಲೂ ಇಂಥದೊಂದು ಪ್ರವಾಹವಿದೆ, ಆದರೆ ದಿಕ್ಕು ವಿರುದ್ಧ. ಮುಂಗಾರಿನ ತಿಂಗಳುಗಳಲ್ಲಿ ಪರ್ಯಾಯದ್ವೀಪದ ಮೇಲೆ ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಈ ಗಾಳಿಯನ್ನು 1950ರ ದಶಕದಲ್ಲಿ ವಿವರಿಸಿದವರು ಭಾರತದ ಹವಾಮಾನ ತಜ್ಞ ಪಿ. ಕೋಟೇಶ್ವರಂ.

ಗಾಳಿಯ ಬಲ ಎಷ್ಟೆಂದು ತಿಳಿಯಲು 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಮಾಡಿದ ಬದಲಾವಣೆಯನ್ನು ನೋಡಬೇಕು. ಅದುವರೆಗೆ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವಾಗಲೂ ಬರುವಾಗಲೂ ವಿಮಾನ ಅಟ್ಲಾಂಟಿಕ್ ಕಡೆಯಿಂದಲೇ ಸಾಗುತ್ತಿತ್ತು. ಆ ತಿಂಗಳು ಹೋಗುವ ವಿಮಾನವನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಕಳಿಸಿದರು. ದಾರಿ 1,400 ಕಿಲೋಮೀಟರ್‌ನಷ್ಟು ಉದ್ದವಾಯಿತು. 15,300 ಕಿಲೋಮೀಟರನ್ನು ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಸಿತು, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮೊದಲು. ಅಟ್ಲಾಂಟಿಕ್ ಕಡೆ ಎದುರುಗಾಳಿ ವೇಗವನ್ನು ಕಡಿಮೆ ಮಾಡುತ್ತಿತ್ತು. ಪೆಸಿಫಿಕ್ ಮೇಲೆ ಗಂಟೆಗೆ 138 ಕಿಲೋಮೀಟರ್‌ನಷ್ಟು ಹಿಂಗಾಳಿ ಸಿಗುತ್ತದೆಂದು ಸಂಸ್ಥೆಯ ಅಧಿಕಾರಿಗಳು ಲೆಕ್ಕ ಹಾಕಿದ್ದರು. ವಾಪಸು ಬರುವಾಗ ಮತ್ತೆ ಅಟ್ಲಾಂಟಿಕ್ ಮೇಲೆ, ಅಂದರೆ ಆಗಲೂ ಪೂರ್ವಾಭಿಮುಖವಾಗಿಯೇ. ಹೀಗೆ ಒಮ್ಮೆ ಹೋಗಿ ಬಂದರೆ ಭೂಮಿಗೆ ಒಂದು ಪೂರ್ಣ ಪ್ರದಕ್ಷಿಣೆ ಆಗುತ್ತಿತ್ತು.

ಬೋಯಿಂಗ್ ಕಂಪನಿ 2005ರ ನವೆಂಬರ್‌ನಲ್ಲಿ ತನ್ನ 777-200 ಎಲ್‌ಆರ್ ವಿಮಾನದ ಸಾಮರ್ಥ್ಯ ತೋರಿಸಲು ಹಿಡಿದದ್ದೂ ಇದೇ ಉಪಾಯ. ಹಾಂಗ್‌ಕಾಂಗ್‌ನಿಂದ ಲಂಡನ್‌ಗೆ ಪಶ್ಚಿಮಕ್ಕೆ ಹೋದರೆ ಹತ್ತು ಸಾವಿರ ಕಿಲೋಮೀಟರ್‌ಗಿಂತಲೂ ಕಡಿಮೆ. ಆ ವಿಮಾನ ಪೂರ್ವಕ್ಕೆ ಹೊರಟು ಪೆಸಿಫಿಕ್, ಉತ್ತರ ಅಮೆರಿಕ, ಅಟ್ಲಾಂಟಿಕ್ ದಾಟಿ 21,602 ಕಿಲೋಮೀಟರ್ ಹಾರಿ, 22 ಗಂಟೆ 42 ನಿಮಿಷಗಳ ನಂತರ ಲಂಡನ್‌ನಲ್ಲಿ ಇಳಿಯಿತು. 2020ರ ಫೆಬ್ರುವರಿಯಲ್ಲಿ ಸಿಯಾರಾ ಬಿರುಗಾಳಿಯ ದಿನ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ ಐದು ಗಂಟೆಯೊಳಗೇ, 4 ಗಂಟೆ 56 ನಿಮಿಷದಲ್ಲಿ, ತಲುಪಿತು. ನೆಲದ ಮೇಲಿನ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ಆದರೂ ಅದು ಶಬ್ದದ ವೇಗವನ್ನು ಮೀರಿರಲಿಲ್ಲ. ತುಂಬಿ ಹರಿಯುವ ತುಂಗಭದ್ರೆಯಲ್ಲಿ ಹರಿಗೋಲು ನೀರಿನ ಜೊತೆಗೇ ಸಾಗುವಂತೆ, ವಿಮಾನವೂ ತನ್ನ ಸುತ್ತಲಿನ ಗಾಳಿಯೊಳಗೆ ಎಂದಿನ ವೇಗದಲ್ಲೇ ಹೋಗುತ್ತಿತ್ತು. ಆ ಗಾಳಿಯೇ ಮುಂದಕ್ಕೆ ಓಡುತ್ತಿತ್ತು.

ಇಲ್ಲೊಂದು ಸಂದೇಹವನ್ನು ಪರಿಹರಿಸಿಕೊಳ್ಳಬೇಕು. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಊರು ತಾನಾಗಿ ಎದುರು ಬರಬೇಕಲ್ಲವೇ ಎಂದು ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಕೇಳುತ್ತಾರೆ. ಸಮಭಾಜಕದಲ್ಲಿ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಸರಿಯುತ್ತದೆ, ನಿಜ. ಆದರೆ ವಾತಾವರಣವೂ ನೆಲದ ಜೊತೆಯಲ್ಲೇ ತಿರುಗುತ್ತದೆ, ರನ್‌ವೇ ಮೇಲೆ ನಿಂತ ವಿಮಾನಕ್ಕೂ ಆ ವೇಗ ಮೊದಲೇ ಇರುತ್ತದೆ. ಆದ್ದರಿಂದ ಹೋಗುವ ಮತ್ತು ಬರುವ ಅವಧಿಯ ವ್ಯತ್ಯಾಸಕ್ಕೆ ತಿರುಗುವಿಕೆ ನೇರ ಕಾರಣವಲ್ಲ. ಅದು ಗಾಳಿಗೆ ದಿಕ್ಕು ಕೊಡುತ್ತದೆ, ಗಾಳಿ ವಿಮಾನಕ್ಕೆ ವೇಗ ಕೊಡುತ್ತದೆ.

ಗಾಳಿಯಷ್ಟೇ ಪ್ರಬಲವಾದದ್ದು ದೇಶಗಳ ವಾಯುಸೀಮೆ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಹಕ್ಕಿದೆ. ಅನುಮತಿ ಇಲ್ಲದೆ, ಶುಲ್ಕ ಕಟ್ಟದೆ ಯಾರೂ ಅಲ್ಲಿ ಹಾರುವಂತಿಲ್ಲ. ಇದರ ಪರಿಣಾಮವನ್ನು ಬಹಳ ಅನುಭವಿಸಿದ್ದು ಫಿನ್ಲೆಂಡಿನ ಫಿನ್‌ಏರ್. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶದ ಬಾಗಿಲು ಮುಚ್ಚಿದ್ದರಿಂದ 1983ರಲ್ಲಿ ಹೆಲ್ಸಿಂಕಿ–ಟೋಕಿಯೊ ನಡುವೆ ಆರಂಭವಾದ ಅದರ ನೇರ ಹಾರಾಟ ಉತ್ತರ ಧ್ರುವದ ಕಡೆ ಹೋಗಿ ಬೇರಿಂಗ್ ಜಲಸಂಧಿಯ ಮೂಲಕ ಇಳಿಯಬೇಕಿತ್ತು. ಆಗ ಹಿಡಿಯುತ್ತಿದ್ದದ್ದು ಸುಮಾರು 13 ಗಂಟೆ. ಸೈಬೀರಿಯಾದ ದಾರಿ ತೆರೆದ ಮೇಲೆ ಅದು ಒಂಬತ್ತೂವರೆ ಗಂಟೆಯ ಆಸುಪಾಸಿಗೆ ಇಳಿಯಿತು. 2022ರಲ್ಲಿ ಉಕ್ರೇನ್ ಮೇಲಿನ ಆಕ್ರಮಣದ ನಂತರ ಯುರೋಪ್ ಮತ್ತು ರಷ್ಯಾ ಪರಸ್ಪರ ಆಕಾಶ ಮುಚ್ಚಿಕೊಂಡವು. ಟೋಕಿಯೊ ಮತ್ತೆ 13 ಗಂಟೆ ದೂರವಾಯಿತು.

ಭಾರತದಿಂದ ಅಮೆರಿಕಕ್ಕೆ ಹೋಗುವವರ ಮೇಲೂ ಇದರ ಪರಿಣಾಮವಾಗಿದೆ. ರಷ್ಯಾದ ಆಕಾಶ ಅಮೆರಿಕದ ವಿಮಾನಗಳಿಗೆ ಮುಚ್ಚಿದಾಗ ಯುನೈಟೆಡ್ ಏರ್‌ಲೈನ್ಸ್ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ಹಾರಾಟವನ್ನು ನಿಲ್ಲಿಸಿತು. 2020ರಲ್ಲಿ ಅದು ಘೋಷಿಸಿದ್ದ ಬೆಂಗಳೂರು ಮಾರ್ಗ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಏರ್ ಇಂಡಿಯಾಗೆ ರಷ್ಯಾದ ದಾರಿ ತೆರೆದೇ ಇತ್ತು. 2023ರ ಜೂನ್‌ನಲ್ಲಿ ಎಂಜಿನ್ ತೊಂದರೆಯಿಂದ ಅದರ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ರಷ್ಯಾದ ದೂರಪೂರ್ವದ ಮಗದಾನ್ ಪಟ್ಟಣದಲ್ಲಿ ಇಳಿಯಬೇಕಾಯಿತು. 216 ಪ್ರಯಾಣಿಕರು ಬೇರೊಂದು ವಿಮಾನ ಬರುವವರೆಗೆ ಅಲ್ಲಿಯೇ ಕಾದರು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಸೀಮೆಯನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಅರಬ್ಬಿ ಸಮುದ್ರದ ಕಡೆ ಇಳಿದು ಸುತ್ತಬೇಕಾಯಿತು. ಉತ್ತರ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ವಿಯೆನ್ನಾದಲ್ಲಿ ನಿಂತು ಇಂಧನ ತುಂಬಿಸಿಕೊಂಡವು. ನಗರಗಳು ಇದ್ದಲ್ಲೇ ಇದ್ದವು, ನಡುವಿನ ಹೊತ್ತು ಮಾತ್ರ ಬೆಳೆಯಿತು.

ಎರಡು ಗಂಟೆ ಹೆಚ್ಚು ಹಾರಿದರೆ ಎರಡು ಗಂಟೆಯ ಇಂಧನ ಸಾಕು ಎಂದುಕೊಳ್ಳುವಂತಿಲ್ಲ. 777-200 ಎಲ್‌ಆರ್ ವಿಮಾನ ಮೇಲೇರುವಾಗ ಗರಿಷ್ಠ 347 ಟನ್ ತೂಗಬಹುದು. ಅದರ ಟ್ಯಾಂಕುಗಳಲ್ಲಿ ಹಿಡಿಸುವ ಇಂಧನವೇ ಸುಮಾರು 145 ಟನ್. ಅಂದರೆ ಇಡೀ ತೂಕದ ಐದರಲ್ಲಿ ಎರಡು ಪಾಲು. ಮೊದಲ ಗಂಟೆಗಳಲ್ಲಿ ಉರಿಯುವ ಇಂಧನದ ದೊಡ್ಡ ಭಾಗ ಕೊನೆಯ ಗಂಟೆಗಳ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಎದುರುಗಾಳಿ ಜೋರಾಗಿದ್ದ ದಿನ ಸರಕನ್ನೋ ಕೆಲವು ಸೀಟುಗಳನ್ನೋ ಬಿಟ್ಟು ಹೊರಡಬೇಕಾಗುತ್ತದೆ. ಇಲ್ಲವೇ ನಡುವೆ ಎಲ್ಲಾದರೂ ಇಳಿಯಬೇಕು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರಿಂದ ನಿಗದಿತ ನಿಮಿಷಗಳೊಳಗೆ ಮುಟ್ಟಬಲ್ಲ ನಿಲ್ದಾಣ ದಾರಿಯುದ್ದಕ್ಕೂ ಇರಬೇಕೆಂಬ ನಿಯಮವೂ ಇದೆ. ಧ್ರುವದ ಬಳಿ ಅಂಥ ನಿಲ್ದಾಣಗಳು ಬೆರಳೆಣಿಕೆಯಷ್ಟು. ಅಲ್ಲಿನ ಚಳಿಯಲ್ಲಿ ಟ್ಯಾಂಕಿನ ಇಂಧನದ ಉಷ್ಣಾಂಶದ ಮೇಲೂ ಪೈಲಟ್‌ಗಳು ಕಣ್ಣಿಟ್ಟಿರಬೇಕು. ಜೆಟ್ ಎ-1 ಇಂಧನ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ.

ಪ್ರಯಾಣದ ಅವಧಿ ಈ ಎಪ್ಪತ್ತು–ಎಂಬತ್ತು ವರ್ಷಗಳಲ್ಲಿ ತಗ್ಗಿದ್ದು ಹೇಗೆ? 1948ರ ಜೂನ್ 8ರಂದು ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಮುಂಬಯಿಯಿಂದ ಹೊರಟು ಕೈರೊ, ಜಿನೀವಾಗಳಲ್ಲಿ ನಿಂತು ಜೂನ್ 10ರಂದು ಲಂಡನ್ ತಲುಪಿತು. ಹನ್ನೆರಡು ವರ್ಷದ ನಂತರ ಜೆಟ್ ಎಂಜಿನ್ನಿನ ಬೋಯಿಂಗ್ 707 ಬಂತು. ಅದು ಗಂಟೆಗೆ ಸುಮಾರು 900 ಕಿಲೋಮೀಟರ್ ಹಾರುತ್ತಿತ್ತು. ಇಂದಿನ ವಿಮಾನಗಳ ವೇಗವೂ ಹೆಚ್ಚುಕಡಿಮೆ ಅಷ್ಟೇ. ಶಬ್ದಕ್ಕಿಂತ ವೇಗವಾಗಿ ಹಾರಿದ ಕಾಂಕಾರ್ಡ್ 2003ರಲ್ಲಿ ಸೇವೆ ನಿಲ್ಲಿಸಿತು. ಅಂದರೆ 1960ರಿಂದೀಚೆಗೆ ಉಳಿದ ಸಮಯವೆಲ್ಲ ವೇಗದಿಂದ ಬಂದದ್ದಲ್ಲ, ನಡುವಿನ ನಿಲುಗಡೆಗಳು ಇಲ್ಲವಾದದ್ದರಿಂದ ಬಂದದ್ದು. ಇಂದು ನಿತ್ಯ ಸಂಚರಿಸುವ ವಿಮಾನಗಳಲ್ಲಿ ಸಿಂಗಪುರ–ನ್ಯೂಯಾರ್ಕ್ ನಡುವಿನದು ಅತಿ ಉದ್ದದ್ದು: 15,300 ಕಿಲೋಮೀಟರ್‌ಗೂ ಹೆಚ್ಚು, ಹದಿನೆಂಟು ಗಂಟೆಗೂ ಮೇಲೆ. ಆಸ್ಟ್ರೇಲಿಯಾದ ಕ್ವಾಂಟಾಸ್ 2019ರಲ್ಲಿ ನ್ಯೂಯಾರ್ಕ್‌ನಿಂದಲೂ ಲಂಡನ್‌ನಿಂದಲೂ ಸಿಡ್ನಿಗೆ ಪರೀಕ್ಷಾರ್ಥ ಹಾರಾಟ ನಡೆಸಿತು. ಎರಡೂ ಹತ್ತೊಂಬತ್ತು ಗಂಟೆ ದಾಟಿದವು. ಸಿಡ್ನಿ–ಲಂಡನ್ ಅಂತರ ಸುಮಾರು 17,000 ಕಿಲೋಮೀಟರ್. ಭೂಮಿಯ ಮೇಲೆ ಯಾವುದೇ ಎರಡು ಊರುಗಳ ನಡುವೆ ಇರಬಹುದಾದ ಗರಿಷ್ಠ ದೂರವೇ ಸುಮಾರು 20,000 ಕಿಲೋಮೀಟರ್, ಭೂಮಿಯ ಸುತ್ತಳತೆಯ ಅರ್ಧ. ಆದ್ದರಿಂದ ವಿಮಾನಗಳು ಮುಟ್ಟಬೇಕಾದ ಮಿತಿ ಇನ್ನು ಬಹಳ ದೂರ ಉಳಿದಿಲ್ಲ.

ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಕ್ಯಾಲಿಫೋರ್ನಿಯಾಕ್ಕೆ ಹೊರಡುವ ಕರ್ನಾಟಕದ ಹಿರಿಯರು ಪ್ರತಿ ವರ್ಷ ಸಾಕಷ್ಟು ಮಂದಿ. ಟಿಕೆಟ್ ಕೈಗೆ ಬಂದಾಗ ಅವರನ್ನು ಹೆಚ್ಚು ಗೊಂದಲಕ್ಕೆ ತಳ್ಳುವುದು ಅದರ ಮೇಲಿನ ವೇಳೆ. ನೇರ ಹಾರಾಟ ಶುರುವಾದಾಗ ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟ ವಿಮಾನ ಅದೇ ದಿನ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ತಲುಪುವುದೆಂದು ಪಟ್ಟಿಯಲ್ಲಿತ್ತು. ಕಾಗದದ ಮೇಲೆ ಎರಡೂವರೆ ಗಂಟೆಯ ಪ್ರಯಾಣ! ಟಿಕೆಟ್‌ನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮ್ಮದಕ್ಕಿಂತ 13 ಗಂಟೆ 30 ನಿಮಿಷ ಹಿಂದೆ. ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆ ಅಂತರ 12 ಗಂಟೆ 30 ನಿಮಿಷಕ್ಕೆ ಇಳಿಯುತ್ತದೆ. ಎರಡೂ ವೇಳೆಗಳನ್ನು ಭಾರತದ ಗಡಿಯಾರಕ್ಕೆ ತಂದುಕೊಂಡು ಕಳೆದರೆ ನಿಜವಾದ ಅವಧಿ ಸಿಗುತ್ತದೆ. ಸಂಜೆ 5ಕ್ಕೆ 13 ಗಂಟೆ 30 ನಿಮಿಷ ಸೇರಿಸಿದರೆ ಮರುದಿನ ಬೆಳಗಿನ 6.30; ಮಧ್ಯಾಹ್ನ 2.30ರಿಂದ ಅಲ್ಲಿಗೆ 16 ಗಂಟೆ. ಮರಳುವಾಗ ಇದೇ ಅಂತರ ಎದುರು ನಿಲ್ಲುತ್ತದೆ, ಕ್ಯಾಲೆಂಡರಿನಿಂದ ಒಂದು ದಿನವೇ ಜಾರುತ್ತದೆ. 2021ರ ಆ ಮೊದಲ ಹಾರಾಟದ ಪ್ರಯಾಣಿಕರಿಗೆ ಭಾನುವಾರ ಪೂರ್ತಿ ವಿಮಾನದಲ್ಲೇ ಕಳೆದದ್ದು ಹೀಗೆ.

ಟಿಕೆಟ್ ಇಲ್ಲದೆಯೂ ಅಂದಾಜು ಮಾಡುವ ವಿಧಾನವಿದೆ. ಮಹಾವೃತ್ತದ ದೂರವನ್ನು 900ರಿಂದ ಭಾಗಿಸಿ, ಏರುವ ಇಳಿಯುವ ಹೊತ್ತಿಗೆಂದು ಅರ್ಧ ಗಂಟೆ ಸೇರಿಸಬೇಕು. 13,993 ಕಿಲೋಮೀಟರ್‌ಗೆ ಇದು ಸರಿಸುಮಾರು 16 ಗಂಟೆ ಕೊಡುತ್ತದೆ. ಹತ್ತಿರದ ಊರುಗಳಿಗೆ ಈ ಲೆಕ್ಕ ಸಾಲದು. ಬೆಂಗಳೂರಿನಿಂದ ಮಂಗಳೂರಿಗೆ ಆಕಾಶದಲ್ಲಿ 300 ಕಿಲೋಮೀಟರ್‌ನಷ್ಟು ದೂರವಿದ್ದರೂ ಪಟ್ಟಿಯಲ್ಲಿ ಸುಮಾರು ಒಂದು ಗಂಟೆ ಇರುತ್ತದೆ. ಏಕೆಂದರೆ ವಿಮಾನ ತಾನು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಪೂರ್ತಿ ನಿಲ್ಲುವವರೆಗಿನ ಹೊತ್ತನ್ನೆಲ್ಲ ಸಂಸ್ಥೆಗಳು ಪ್ರಯಾಣದ ಅವಧಿಯಾಗಿ ಲೆಕ್ಕ ಹಿಡಿಯುತ್ತವೆ. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು ಎಲ್ಲವೂ ಅದರಲ್ಲಿ ಸೇರಿರುತ್ತವೆ.

ಮುಂದಿನ ದಶಕಗಳಲ್ಲಿ ಈ ಪಟ್ಟಿಗಳು ಬದಲಾಗುವ ಸಾಧ್ಯತೆಯೂ ಇದೆ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ವಾತಾವರಣ ವಿಜ್ಞಾನಿ ಪಾಲ್ ವಿಲಿಯಮ್ಸ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಅಟ್ಲಾಂಟಿಕ್ ಮೇಲಿನ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಇನ್ನಷ್ಟು ಬಲಗೊಳ್ಳುತ್ತದೆ. ಪೂರ್ವಕ್ಕೆ ಬರುವ ವಿಮಾನಗಳು ಬೇಗ ಬಂದರೂ ಪಶ್ಚಿಮಕ್ಕೆ ಹೋಗುವವು ಅದಕ್ಕಿಂತ ಹೆಚ್ಚು ತಡವಾಗುತ್ತವೆ. ಎರಡನ್ನೂ ಕೂಡಿಸಿದಾಗ ಅಟ್ಲಾಂಟಿಕ್ ದಾಟುವ ವಿಮಾನಗಳೆಲ್ಲ ಸೇರಿ ವರ್ಷಕ್ಕೆ ಎರಡು ಸಾವಿರ ಗಂಟೆಗಳಷ್ಟು ಹೆಚ್ಚು ಹೊತ್ತು ಆಕಾಶದಲ್ಲಿ ಕಳೆಯಬೇಕಾಗಬಹುದು. ಆ ಹೆಚ್ಚುವರಿ ಗಂಟೆಗಳ ಇಂಧನ ಉರಿದು ಮತ್ತಷ್ಟು ಇಂಗಾಲದ ಡೈಆಕ್ಸೈಡ್ ಅದೇ ಗಾಳಿಗೆ ಸೇರುತ್ತದೆ.